ಒದ್ದೆ ಕಾಳು ಮೇಲಿರಲಿ: ಒಂದು ರೊಟ್ಟಿ ಅಂಗಡಿ ಮತ್ತು ಇಸ್ಲಾಮಿನ ದುಡಿಮೆಯ ನೀತಿ



ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಊರು ವಿಜಯಪುರದ ಕಡೆ. ಎಂಟೆಕ್ ಮುಗಿಸಿ ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು. ವಾರಕ್ಕೆ ಐದು ದಿನ ಹಿಂಜವಡಿಯಲ್ಲಿ ಕೋಡ್ ಬರೀತೀನಿ. ಶನಿವಾರ, ಭಾನುವಾರ ವಾಕಡ್ ಹತ್ತಿರದ ಒಂದು ಸಣ್ಣ ರೊಟ್ಟಿ ಅಂಗಡಿಯ ಲೆಕ್ಕ ನೋಡ್ತೀನಿ. ಅಂಗಡಿ ನನ್ನದಲ್ಲ, ನಮ್ಮ ಆಪಾ ಅಂದರೆ ಅಕ್ಕ ಮತ್ತು ಭಾವನದು. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಇಷ್ಟೇ ಸರಕು. ರೊಟ್ಟಿ ಬಡಿಯೋಕೆ ಆರು ಜನ ಹೆಂಗಸರು ಇದ್ದಾರೆ, ಇಂಡಿ ಮತ್ತು ಅಕ್ಕಲಕೋಟೆ ಕಡೆಯವರು. ಗಿರಾಕಿಗಳು ಹೆಚ್ಚಾಗಿ ನಿಮ್ಮಂಥವರೇ. ಊರು ಬಿಟ್ಟು ಬಂದವರು, ರಾತ್ರಿ ಹತ್ತು ಗಂಟೆಗೆ ಕಾಲ್ ಮುಗಿಸಿ ರೊಟ್ಟಿ ಮೊಸರು ತಿನ್ನೋರು.

ಇಸ್ಲಾಮಿನ ದುಡಿಮೆಯ ನೀತಿಯನ್ನ ಸಣ್ಣ ವ್ಯಾಪಾರದಲ್ಲಿ ಹೇಗೆ ಪಾಲಿಸೋದು ಅಂತ ಮಾತಾಡಿ ಅಂದಾಗ ನಾನು ಸ್ವಲ್ಪ ಹಿಂಜರಿದೆ. ನಾನು ಮೌಲಾನಾ ಅಲ್ಲ, ಮುಫ್ತಿನೂ ಅಲ್ಲ. ಫತ್ವಾ ಕೊಡೋ ಅಧಿಕಾರ ನನಗಿಲ್ಲ. ಆದರೆ ಐದು ವರ್ಷ ಆ ಅಂಗಡಿಯ ಸ್ಪ್ರೆಡ್‌ಶೀಟ್ ನೋಡಿದೀನಿ. ಎಲ್ಲಿ ಸರಿ ಮಾಡಿದ್ವಿ, ಎಲ್ಲಿ ಎಡವಿದ್ವಿ ಅಂತ ಹೇಳಬಲ್ಲೆ. ಎಡವಿದ್ದನ್ನೇ ಜಾಸ್ತಿ ಹೇಳ್ತೀನಿ.

ಈ ವಿಷಯ ಎತ್ತಿದ ಕೂಡಲೇ ಜನಕ್ಕೆ ಎರಡು ನೆನಪಾಗುತ್ತೆ. ಒಂದು ಹಲಾಲ್ ಅನ್ನೋ ಲೇಬಲ್, ಇನ್ನೊಂದು ಬಡ್ಡಿ ಇಲ್ಲ ಅನ್ನೋದು. ಎರಡೂ ಇವೆ, ನಿಜ. ಆದರೆ ಈ ಐದು ವರ್ಷದಲ್ಲಿ ನನಗೆ ಅರ್ಥ ಆಗಿದ್ದು, ನಿಜವಾದ ಪರೀಕ್ಷೆ ಬೇರೆ ಕಡೆ ಇದೆ. ಎದುರಿಗೆ ಇರೋರಿಗೆ ಗೊತ್ತಿಲ್ಲದ ವಿಷಯ ನನಗೆ ಗೊತ್ತಿದೆ, ಅಥವಾ ಅವರ ಹಣ ನನ್ನ ಕೈಯಲ್ಲಿ ಇದೆ. ಅವರು ಕೇಳೋ ಸ್ಥಿತಿಯಲ್ಲಿ ಇಲ್ಲ. ಆಗ ನಾನು ಏನು ಮಾಡ್ತೀನಿ? ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮಳೆಗಾಲದ ಹಿಂಡಿ

ಸಹೀಹ್ ಮುಸ್ಲಿಂ ಸಂಗ್ರಹದಲ್ಲಿ ಒಂದು ಹದೀಸ್ ಇದೆ. ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಹೋಗ್ತಾ ಒಂದು ಕಾಳಿನ ರಾಶಿಯೊಳಗೆ ಕೈ ಹಾಕಿದರು. ಬೆರಳು ಒದ್ದೆ ಆಯ್ತು. ಇದೇನು ಅಂತ ಕೇಳಿದರೆ, ಮಳೆ ಬಿದ್ದಿತ್ತು ಅಂದ ವ್ಯಾಪಾರಿ. ಹಾಗಾದರೆ ಒದ್ದೆ ಕಾಳನ್ನ ಜನಕ್ಕೆ ಕಾಣೋ ಹಾಗೆ ಮೇಲೆ ಯಾಕೆ ಇಡಲಿಲ್ಲ ಅಂತ ಕೇಳಿದರು. ಮೋಸ ಮಾಡೋನು ನಮ್ಮವನಲ್ಲ ಅನ್ನೋ ಅರ್ಥದ ಮಾತನ್ನೂ ಹೇಳಿದರು.

ಇಲ್ಲಿ ಗಮನಿಸಬೇಕಾದ್ದು, ಮಳೆ ಬಿದ್ದಿದ್ದು ಆ ವ್ಯಾಪಾರಿಯ ತಪ್ಪಲ್ಲ. ಒದ್ದೆ ಕಾಳು ಮಾರಬೇಡ ಅಂತಲೂ ಅವರು ಹೇಳಲಿಲ್ಲ. ಮೇಲೆ ಇಡು ಅಂದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಲೀಸ್ ನೋಟ್‌ನಲ್ಲಿ ನೋನ್ ಇಶ್ಯೂಸ್ ಅನ್ನೋ ಭಾಗ ಇರುತ್ತಲ್ಲ, ಅದನ್ನ ಮೊದಲ ಪುಟದಲ್ಲಿ ಹಾಕು ಅಂತ.

ನಮ್ಮ ಅಂಗಡಿಯಲ್ಲಿ ಇದು ಒಂದು ಜುಲೈ ತಿಂಗಳಲ್ಲಿ ಎದುರಾಯ್ತು. ಪುಣೆಯ ಮಳೆ ನಿಮಗೆ ಗೊತ್ತು. ಇಬ್ಬರು ಗಿರಾಕಿಗಳು ಶೇಂಗಾ ಹಿಂಡಿ ವಾಸನೆ ಬರ್ತಿದೆ ಅಂತ ಮೆಸೇಜ್ ಮಾಡಿದರು. ಶೇಂಗಾ ಸರಿಯಾಗಿ ಹುರಿದಿರಲಿಲ್ಲ, ತೇವ ಉಳಿದಿತ್ತು. ಯಾವ ದಿನದ ಮಾಲು ಅಂತ ಹೇಳೋಕೆ ಪ್ಯಾಕೆಟ್ ಮೇಲೆ ಬ್ಯಾಚ್ ನಂಬರೇ ಇರಲಿಲ್ಲ. ಆ ನಾಲ್ಕು ದಿನದಲ್ಲಿ ಮಾರಿದ್ದು 140 ಪ್ಯಾಕೆಟ್.

ಭಾವ ಅಂದರು, ದೂರು ಕೊಟ್ಟವರಿಗೆ ಹೊಸ ಪ್ಯಾಕೆಟ್ ಕೊಡೋಣ, ಮುಗೀತು. ನಾನೂ ತಲೆ ಆಡಿಸಿದೆ. ಆಫೀಸಿನಲ್ಲಿ ನಾವು ಹಾಗೇ ಮಾಡ್ತೀವಿ ಅಲ್ವಾ? ಟಿಕೆಟ್ ಹಾಕಿದವರಿಗೆ ಮಾತ್ರ ಪ್ಯಾಚ್. ಆಪಾ ಒಪ್ಪಲಿಲ್ಲ. ದೂರು ಕೊಡದವರು ಅದನ್ನ ಮಕ್ಕಳಿಗೆ ತಿನ್ನಿಸ್ತಾ ಇದ್ದರೆ ಅಂದಳು.

ಆರ್ಡರ್ ಲಿಸ್ಟ್‌ನಲ್ಲಿ ಇದ್ದ ಎಲ್ಲರಿಗೂ ಮೆಸೇಜ್ ಕಳಿಸಿದ್ವಿ. ಅಂಗಡಿಗೇ ಬಂದು ನಗದು ಕೊಟ್ಟು ಒಯ್ದವರ ನಂಬರ್ ಇರಲಿಲ್ಲ, ಅದಕ್ಕೆ ಬಾಗಿಲ ಮೇಲೆ ಎರಡು ವಾರ ಚೀಟಿ ಅಂಟಿಸಿದ್ವಿ. ಇಂಥಾ ದಿನದಿಂದ ಇಂಥಾ ದಿನದವರೆಗಿನ ಶೇಂಗಾ ಹಿಂಡಿ ಕೆಟ್ಟಿರಬಹುದು, ದಯವಿಟ್ಟು ತಿನ್ನಬೇಡಿ, ದುಡ್ಡು ವಾಪಸ್ ತಗೊಳ್ಳಿ ಅಂತ. ಪ್ಯಾಕೆಟ್‌ಗೆ 130 ರೂಪಾಯಿ. ಲೆಕ್ಕದಲ್ಲಿ 18,200 ರೂಪಾಯಿ ಪಕ್ಕಕ್ಕೆ ಇಟ್ವಿ. ವಾಪಸ್ ಕೇಳಲು ಬಾರದವರ ಪಾಲು ಅಂಗಡಿಗೆ ಮರಳಿ ಬರಲಿಲ್ಲ, ಬಡವರಿಗೆ ಹೋಯ್ತು.

ಆಮೇಲೆ ವ್ಯಾಪಾರ ಡಬಲ್ ಆಯ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಕೆಲವರು ಆ ಚೀಟಿ ಓದಿ ಮತ್ತೆ ಬರಲೇ ಇಲ್ಲ. ಪ್ರಾಮಾಣಿಕವಾಗಿದ್ದರೆ ಲಾಭ ಬಂದೇ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ವ್ಯಾಪಾರದ ತಂತ್ರ, ನೀತಿ ಅಲ್ಲ. ಇಮಾಮ್ ಅಬೂ ಹನೀಫಾ ಅವರು ಇರಾಕಿನ ಕೂಫಾದಲ್ಲಿ ಬಟ್ಟೆ ವ್ಯಾಪಾರಿ ಆಗಿದ್ದರು. ಅವರ ಜೀವನಚರಿತ್ರೆಗಳಲ್ಲಿ ಒಂದು ಕಥೆ ಬರುತ್ತೆ. ಒಂದು ಬಟ್ಟೆಯಲ್ಲಿ ದೋಷ ಇದೆ, ಹೇಳಿ ಮಾರು ಅಂತ ಪಾಲುದಾರರಿಗೆ ಹೇಳಿದ್ದರಂತೆ. ಅವರು ಮರೆತು ಮಾರಿಬಿಟ್ಟರು, ಕೊಂಡವರು ಯಾರು ಅಂತ ಗೊತ್ತಾಗಲಿಲ್ಲ. ಇಮಾಮರು ಆ ಮಾರಾಟದ ಪೂರ್ತಿ ಹಣವನ್ನ ದಾನ ಮಾಡಿದರಂತೆ. ಆ ಕಥೆಯಲ್ಲೂ ಕೊನೆಗೆ ಲಾಭ ಬಂತು ಅನ್ನೋ ಸಾಲು ಇಲ್ಲ.

ಈಗ ಪ್ರತಿ ಪ್ಯಾಕೆಟ್ ಮೇಲೂ ಬ್ಯಾಚ್ ನಂಬರ್ ಇದೆ.

ಎಂಟು ಗ್ರಾಂ

ಕುರ್‌ಆನಿನ 83ನೇ ಅಧ್ಯಾಯದ ಹೆಸರೇ ಅಲ್ ಮುತಫ್ಫಿಫೀನ್, ಅಂದರೆ ಅಳತೆಯಲ್ಲಿ ಕಡಿಮೆ ಕೊಡುವವರು. ತಾವು ತಗೊಳ್ಳುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ಅದರ ಆರಂಭದಲ್ಲೇ ಎಚ್ಚರಿಕೆ ಇದೆ. ಚಿಕ್ಕವನಿದ್ದಾಗ ಇದನ್ನ ಓದಿ, ಇದು ಸಂತೆಯಲ್ಲಿ ತಕ್ಕಡಿ ತಟ್ಟೆಗೆ ಬೆಲ್ಲ ಅಂಟಿಸೋರ ಬಗ್ಗೆ ಅಂದುಕೊಂಡಿದ್ದೆ.

ಒಂದು ಭಾನುವಾರ ಪ್ಯಾಕಿಂಗ್ ನೋಡ್ತಾ ಕೂತಿದ್ದೆ. ಹುಡುಗ ಖಾಲಿ ಪೌಚನ್ನ ಕಾಟಾ ಮೇಲೆ ಇಟ್ಟು, ಸೊನ್ನೆ ಮಾಡದೆ, 250 ಗ್ರಾಂ ಆಗೋವರೆಗೂ ಹಿಂಡಿ ತುಂಬ್ತಿದ್ದ. ಪೌಚ್ ತೂಕ ಎಂಟು ಗ್ರಾಂ. ಅಂದರೆ ಒಳಗೆ ಇರೋದು 242. ಯಾರೂ ಬೇಕಂತ ಮಾಡಿದ್ದಲ್ಲ. ತಿಂಗಳಿಗೆ ಸುಮಾರು ಸಾವಿರ ಪ್ಯಾಕೆಟ್ ಹೋಗುತ್ತೆ. ಎಂಟು ಕಿಲೋ ಹಿಂಡಿ, ನಮ್ಮದೇ ದರದಲ್ಲಿ 4,160 ರೂಪಾಯಿ. ಗಿರಾಕಿ ಒಬ್ಬರಿಗೆ ನಾಲ್ಕು ರೂಪಾಯಿ ನಷ್ಟ, ಯಾರಿಗೂ ಗೊತ್ತಾಗಲ್ಲ. ಆದರೆ ಅದೇ ನಾವು ಜೋಳ ಕೊಳ್ಳುವಾಗ ಚೀಲದ ತೂಕ ಕಳೆದು ಕೊಡಿ ಅಂತ ಅಡತಿಯವರ ಹತ್ತಿರ ಜಗಳ ಮಾಡ್ತಿದ್ವಿ! ತಗೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು. ಆ ಅಧ್ಯಾಯ ನಮ್ಮ ಬಗ್ಗೆಯೇ ಇತ್ತು.

ಪ್ಯಾಕೆಟ್ ಮೇಲೆ ಬರೆಯೋ ನಿವ್ವಳ ತೂಕದಲ್ಲಿ ಪೌಚ್ ಸೇರಬಾರದು ಅಂತ ಸರ್ಕಾರದ ತೂಕ ಮತ್ತು ಅಳತೆ ನಿಯಮವೂ ಹೇಳುತ್ತೆ. ಈಗ ಖಾಲಿ ಪೌಚ್ ಇಟ್ಟು ಮೊದಲು ಸೊನ್ನೆ ಒತ್ತುತ್ತಾರೆ. ಒಂದು ಬಟನ್, ಅಷ್ಟೇ.

ಬೆವರು ಆರುವ ಮೊದಲು

ಈಗ ನನಗೆ ಹೇಳೋಕೆ ಕಷ್ಟ ಆಗೋ ಭಾಗಕ್ಕೆ ಬರ್ತೀನಿ.

ಕೂಲಿಯವರಿಗೆ ಅವರ ಬೆವರು ಆರುವ ಮೊದಲೇ ಕೂಲಿ ಕೊಡಬೇಕು ಅನ್ನೋ ಪ್ರವಾದಿಯವರ ಮಾತು ಬಹಳ ಪ್ರಸಿದ್ಧ, ಇಬ್ನ್ ಮಾಜಾ ಸಂಗ್ರಹದಲ್ಲಿ ಇದೆ. ಬುಖಾರಿಯಲ್ಲಿ ಇನ್ನೂ ಕಠಿಣವಾದ ಮಾತಿದೆ. ಆಳಿನಿಂದ ಪೂರ್ತಿ ಕೆಲಸ ತಗೊಂಡು ಕೂಲಿ ಕೊಡದವನ ವಿರುದ್ಧ ಅಂತಿಮ ದಿನ ದೇವರೇ ವಾದಿಯಾಗಿ ನಿಲ್ತಾನೆ ಅನ್ನೋ ಅರ್ಥದ್ದು.

ನಮ್ಮ ಅಂಗಡಿಗೆ ಒಬ್ಬ ದೊಡ್ಡ ಗಿರಾಕಿ ಸಿಕ್ಕಿದ್ದರು, ಕ್ಯಾಂಟೀನ್ ನಡೆಸೋ ಒಬ್ಬ ಕಂತ್ರಾಟುದಾರರು. ನಮ್ಮ ಒಟ್ಟು ವ್ಯಾಪಾರದ ಮೂರನೇ ಒಂದು ಭಾಗ ಅವರೊಬ್ಬರದ್ದೇ. ಆದರೆ ದುಡ್ಡು ಬರೋದು ಎರಡು ತಿಂಗಳು, ಮೂರು ತಿಂಗಳು ಆದಮೇಲೆ. ಹಾಗಾಗಿ ಹೆಂಗಸರ ಪಗಾರ ಒಂದನೇ ತಾರೀಖಿನಿಂದ ಹತ್ತಕ್ಕೆ ಹೋಯ್ತು, ಆಮೇಲೆ ಹದಿನೈದಕ್ಕೆ. ಯಾರೂ ತಕರಾರು ಮಾಡಲಿಲ್ಲ. ನಾನು ಸ್ಪ್ರೆಡ್‌ಶೀಟ್‌ನಲ್ಲಿ ಅದನ್ನ ಕ್ಯಾಶ್ ಫ್ಲೋ ಮ್ಯಾನೇಜ್‌ಮೆಂಟ್ ಅಂತ ಬರೆದಿದ್ದೆ.

ಒಂದು ಶನಿವಾರ ಎಲ್ಲರಿಗಿಂತ ಹಿರಿಯರಾದ ಕಾಕು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ತಮ್ಮಾ, ರೊಟ್ಟಿ ಬಡಿಯೋ ಕೈ ಹದಿನೈದನೇ ತಾರೀಖಿನ ತನಕಾ ಕಾಯ್ತಾವು. ಮನಿ ಬಾಡಿಗಿ ಕಾಯಂಗಿಲ್ಲ ನೋಡು."

ವಿಚಾರಿಸಿದರೆ, ಬಾಡಿಗೆ ಕಟ್ಟೋಕೆ ಅವರು ಓಣಿಯಲ್ಲಿ ಒಬ್ಬರ ಹತ್ತಿರ ಹತ್ತು ಸಾವಿರ ಸಾಲ ಮಾಡಿದ್ದರು. ನೂರಕ್ಕೆ ಐದು, ತಿಂಗಳಿಗೆ. ಎರಡು ತಿಂಗಳಲ್ಲಿ ಒಂದು ಸಾವಿರ ಬಡ್ಡಿ ಕಟ್ಟಿದ್ದರು.

ಆ ರಾತ್ರಿ ನಾನು ಲೆಕ್ಕ ಮತ್ತೆ ಬರೆದೆ. ಆರು ಜನ, ಸರಾಸರಿ 14,000. ಒಟ್ಟು 84,000 ರೂಪಾಯಿ. ಅದನ್ನ ಪ್ರತಿ ತಿಂಗಳು ಅರ್ಧ ತಿಂಗಳು ನಾವು ಇಟ್ಕೊಂಡಿದ್ವಿ. ನಾವು ಬ್ಯಾಂಕಿನಿಂದ ಬಡ್ಡಿ ಸಾಲ ತಗೊಂಡಿಲ್ಲ, ಬಡ್ಡಿ ಬಾರದ ಕರೆಂಟ್ ಅಕೌಂಟ್‌ನಲ್ಲೇ ವ್ಯವಹಾರ ಮಾಡ್ತೀವಿ ಅಂತ ಹೆಮ್ಮೆ ನಮಗೆ. ಆದರೆ ಆ ಆರು ಹೆಂಗಸರಿಂದ, ಅವರನ್ನ ಕೇಳದೇ, ಪ್ರತಿ ತಿಂಗಳು 84,000 ರೂಪಾಯಿ ಸಾಲ ಎತ್ತಿದ್ವಿ. ನಾವು ಕಟ್ಟದ ಬಡ್ಡಿಯನ್ನ ನಮ್ಮ ಪರವಾಗಿ ಕಾಕು ಕಟ್ಟಿದ್ದರು. ಬಡ್ಡಿಯಿಲ್ಲದ ಅಂಗಡಿ ಅನ್ನೋ ನಮ್ಮ ಹೆಮ್ಮೆಯ ಬಿಲ್ ಅವರ ಮನೆಗೆ ಹೋಗಿತ್ತು.

ಮಾರನೇ ದಿನ ಆಪಾ, ಭಾವ, ನಾನು ಕೂತು ಮೂರು ನಿರ್ಧಾರ ಮಾಡಿದ್ವಿ.

ಒಂದು, ಪಗಾರ ತಿಂಗಳಿಗಲ್ಲ, ವಾರಕ್ಕೆ. ಶನಿವಾರ ಸಂಜೆ, ಮನೆಗೆ ಹೋಗೋ ಮುಂಚೆ. ಇದಕ್ಕಾಗಿ ಒಂದು ತಿಂಗಳ ಪಗಾರದಷ್ಟು ಹಣ ಬೇರೆ ಅಕೌಂಟ್‌ನಲ್ಲಿ. ಜೋಳದ ದರ ಏರಿದರೂ ಅದನ್ನ ಮುಟ್ಟಂಗಿಲ್ಲ. ಆ ಹಣ ಕೂಡಿಸೋಕೆ ಹೊಸ ಫ್ರಿಜ್ ತಗೊಳ್ಳೋದನ್ನ ಒಂದು ವರ್ಷ ಮುಂದಕ್ಕೆ ಹಾಕಿದ್ವಿ.

ಎರಡು, ಕ್ಯಾಂಟೀನಿನವರಿಗೆ ಪತ್ರ. ನಿಮ್ಮಲ್ಲಿ ಯಾರಾದರೂ ಸಣ್ಣ ಉದ್ಯಮ ನಡೆಸ್ತಿದ್ದರೆ ಇದು ಗೊತ್ತಿರಲಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನ, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ತಡವಾದರೆ ಆರ್‌ಬಿಐನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳೋ ಹಕ್ಕಿದೆ. ನಮಗೆ ಆ ಬಡ್ಡಿ ಬೇಡ, ಅಸಲು 45 ದಿನಕ್ಕೆ ಬಂದರೆ ಸಾಕು ಅಂತ ಬರೆದ್ವಿ. ಅವರು ಒಪ್ಪಲಿಲ್ಲ. ಬಾಕಿ ವಸೂಲಿ ಮಾಡ್ಕೊಂಡು ಆ ಗಿರಾಕಿಯನ್ನ ಬಿಟ್ವಿ. ಮೂರನೇ ಒಂದು ಭಾಗ ವ್ಯಾಪಾರ ಹೋಯ್ತು. ಎಂಟು ತಿಂಗಳು ಬಹಳ ಕಷ್ಟ ಇತ್ತು.

ಮೂರು, ಕಾಕು ಕಟ್ಟಿದ ಬಡ್ಡಿಯ ಸಾವಿರ ರೂಪಾಯಿ. ಅವರು ತಗೊಳ್ಳಲಿಲ್ಲ, ನನಗೆ ಧರ್ಮ ಬ್ಯಾಡ ಅಂದರು. ಇದು ಧರ್ಮ ಅಲ್ಲ ಕಾಕು, ನಮ್ಮ ಬಾಕಿ ಅಂತ ಆಪಾ ಕೈಯಲ್ಲಿ ಇಟ್ಟಳು. ಅವರು ಅಳಲಿಲ್ಲ, ನಗಲೂ ಇಲ್ಲ. ಎಣಿಸಿ ಸೆರಗಿಗೆ ಕಟ್ಟಿಕೊಂಡು ಮತ್ತೆ ರೊಟ್ಟಿ ಬಡಿಯೋಕೆ ಕೂತರು. ಬಾಕಿ ತೀರಿಸಿಕೊಂಡವರು ಹಾಗೇ ಇರ್ತಾರೆ.

ಉದ್ರಿ ವಹಿ

ಕುರ್‌ಆನಿನ ಅತಿ ಉದ್ದದ ವಾಕ್ಯ ಯಾವುದರ ಬಗ್ಗೆ ಇದೆ ಗೊತ್ತಾ? ಸಾಲ ಬರೆದಿಡೋದರ ಬಗ್ಗೆ. ಎರಡನೇ ಅಧ್ಯಾಯದ 282ನೇ ವಾಕ್ಯ. ಅವಧಿ ಗೊತ್ತುಮಾಡಿದ ಸಾಲವನ್ನ ಬರೆಯಿರಿ, ಸಾಕ್ಷಿ ಇರಲಿ, ಸಣ್ಣದಾಗಲಿ ದೊಡ್ಡದಾಗಲಿ ಬರೆಯೋಕೆ ಬೇಸರಪಡಬೇಡಿ ಅನ್ನೋ ವಿವರ ಅದರಲ್ಲಿ ಇದೆ. ಅದರಲ್ಲಿ ಇಂಜಿನಿಯರ್ ಆಗಿ ನನಗೆ ಬಹಳ ಇಷ್ಟವಾದ ಒಂದು ಅಂಶ: ಏನು ಬರೀಬೇಕು ಅಂತ ಹೇಳೋನು ಸಾಲ ಕೊಟ್ಟವನಲ್ಲ, ತಗೊಂಡವನು. ಬಲ ಕಡಿಮೆ ಇರೋನ ಬಾಯಿಂದಲೇ ದಾಖಲೆ ಬರಬೇಕು.

ನಾವು ಅದನ್ನ ಹಾಗೇ ಪಾಲಿಸಿದ್ವಿ. ಉದ್ರಿ ಬೇಕಾದವರು ತಾವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸ್ತಾರೆ: ಇವತ್ತು ಇಷ್ಟು ರೊಟ್ಟಿ ಒಯ್ದೆ, ಇಷ್ಟು ಬಾಕಿ, ಇಂಥಾ ದಿನ ಕೊಡ್ತೀನಿ. ನಾವು ಸರಿ ಅಂತ ಉತ್ತರ ಕೊಡ್ತೀವಿ. ಅಂದಿನಿಂದ ಬಾಕಿ ಬಗ್ಗೆ ಒಂದು ಜಗಳವೂ ಆಗಿಲ್ಲ. ತಡ ಮಾಡಿದವರಿಗೆ ದಂಡ ಇಲ್ಲ. ನಿಜವಾಗಿ ಕಷ್ಟದಲ್ಲಿ ಇರೋರಿಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೇದು ಅಂತ ಅದೇ ಅಧ್ಯಾಯದ 280ನೇ ವಾಕ್ಯದ ಆಶಯ. ಲೇಆಫ್ ಆದ ಇಬ್ಬರು ಹುಡುಗರ ಬಾಕಿಯನ್ನ ಆಪಾ ಹಾಗೇ ಅಳಿಸಿದ್ದಾಳೆ. ಅವರು ಯಾರು ಅಂತ ನನಗೂ ಹೇಳಿಲ್ಲ.

ಮಷೀನ್ ಮತ್ತು ಪಾಲುದಾರಿಕೆ

ಎರಡು ವರ್ಷದ ಹಿಂದೆ ರೊಟ್ಟಿ ಮಷೀನ್ ತಗೊಳ್ಳೋ ಮಾತು ಬಂತು. ನಾಲ್ಕು ಲಕ್ಷ ಬೇಕು. ಬ್ಯಾಂಕ್ ಸಾಲ ಸುಲಭವಾಗಿ ಸಿಗ್ತಿತ್ತು. ಬಡ್ಡಿರಹಿತ ಬ್ಯಾಂಕ್ ನಮ್ಮ ದೇಶದಲ್ಲಿ ಇಲ್ಲ, ಆ ಪ್ರಸ್ತಾಪವನ್ನ ಮುಂದುವರಿಸಲ್ಲ ಅಂತ 2017ರಲ್ಲೇ ಆರ್‌ಬಿಐ ತೀರ್ಮಾನಿಸಿತ್ತು.

ಆಗ ನನ್ನ ಸಹೋದ್ಯೋಗಿ, ಧಾರವಾಡದವನು, ಹಿಂದೂ, ನಾನು ಹಣ ಹಾಕ್ತೀನಿ ಅಂದ. ಅವನದು ಮೂರು ಲಕ್ಷ, ಆಪಾದು ಒಂದು ಲಕ್ಷ. ಇದಕ್ಕೆ ಮುಶಾರಕಾ ಅಂತಾರೆ, ಅಂದರೆ ಪಾಲುದಾರಿಕೆ. ನಿಯಮ ಸರಳ. ಲಾಭದ ಪಾಲನ್ನ ಮೊದಲೇ ಮಾತಾಡಿಕೊಂಡು ಎಷ್ಟು ಬೇಕಾದರೂ ಗೊತ್ತುಮಾಡಬಹುದು. ಆದರೆ ನಷ್ಟ ಮಾತ್ರ ಹಾಕಿದ ಬಂಡವಾಳದ ಪ್ರಮಾಣದಲ್ಲೇ. ತಿಂಗಳಿಗೆ ಇಷ್ಟು ಖಂಡಿತ ಕೊಡ್ತೀನಿ ಅನ್ನೋ ಹಾಗಿಲ್ಲ. ಅವನಿಗೆ ಮಷೀನ್ ಲಾಭದ ಶೇಕಡಾ 40, ದುಡಿಮೆ ಮಾಡೋ ಆಪಾಗೆ 60. ನಷ್ಟ ಆದರೆ ಅವನಿಗೆ ನಾಲ್ಕರಲ್ಲಿ ಮೂರು ಪಾಲು. ಮೊದಲ ನಾಲ್ಕು ತಿಂಗಳು ನಷ್ಟವೇ. ಮೊದಲ ವರ್ಷ ಅವನಿಗೆ ಎಫ್‌ಡಿಗಿಂತ ಕಡಿಮೆ ಬಂತು. ಪ್ರತಿ ತಿಂಗಳು ಬಿಲ್ ಸಮೇತ ಲೆಕ್ಕ ಕಳಿಸ್ತೀವಿ, ಅವನು ಪ್ರಶ್ನೆ ಕೇಳ್ತಾನೆ.

ಈ ಲೆಕ್ಕ ಕೇಳೋದು ಬಹಳ ಮುಖ್ಯ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆ ಅನ್ನೋ ಹೆಸರಲ್ಲಿ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿದ್ದು ನಿಮಗೆ ನೆನಪಿರಬಹುದು. ಲಾಭ ಯಾವ ವ್ಯಾಪಾರದಿಂದ ಬರ್ತಿದೆ ಅಂತ ಬಹಳ ಜನ ಕೇಳಲಿಲ್ಲ, ಹೆಸರು ಸಾಕಾಯ್ತು. ನಮ್ಮ ಮಾತಿನ ಮೊದಲಿಗೆ ಬಂದ ಕಾಳಿನ ರಾಶಿ ನೆನಪಿಸಿಕೊಳ್ಳಿ. ರಾಶಿಯೊಳಗೆ ಕೈ ಹಾಕಿ ನೋಡೋದು ಅಪನಂಬಿಕೆ ಅಲ್ಲ. ಪ್ರವಾದಿಯವರೇ ಕೈ ಹಾಕಿ ನೋಡಿದರು.

ಇನ್ನೊಂದು ಮಾತು. ಮಷೀನ್ ಬಂದಮೇಲೂ ಆರೂ ಜನ ಕೆಲಸದಲ್ಲಿ ಇದ್ದಾರೆ. ಇಬ್ಬರು ಮಷೀನ್ ನಡೆಸ್ತಾರೆ. ಮಷೀನ್ ರೊಟ್ಟಿ, ಕೈ ರೊಟ್ಟಿ ಅಂತ ಬೇರೆ ಬೇರೆ ಚೀಟಿ, ಬೇರೆ ದರ. ಮಷೀನ್ ರೊಟ್ಟಿಯನ್ನ ಕೈ ರೊಟ್ಟಿ ದರಕ್ಕೆ ಮಾರಿದ್ದರೆ ಗೊತ್ತಾಗ್ತಿತ್ತಾ? ನಮ್ಮ ಉತ್ತರ ಕರ್ನಾಟಕದವರಿಗೆ ಗೊತ್ತಾಗ್ತಿತ್ತು ಬಿಡಿ, ಮುರಿಯೋ ಸಪ್ಪಳದಲ್ಲೇ ಹೇಳ್ತಾರೆ!

ವರ್ಷಕ್ಕೊಮ್ಮೆ ಲೆಕ್ಕ

ಜಕಾತ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಐವತ್ತೆರಡೂವರೆ ತೊಲ ಬೆಳ್ಳಿ, ಅಂದರೆ ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಗಿಂತ ಹೆಚ್ಚು ಆಸ್ತಿ ಒಂದು ಚಾಂದ್ರಮಾನ ವರ್ಷ ಇದ್ದರೆ ಅದರ ಶೇಕಡಾ ಎರಡೂವರೆ ಕೊಡಬೇಕು ಅನ್ನೋದು ನಾವು ಪಾಲಿಸೋ ಲೆಕ್ಕ. ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಸರಕು, ನಗದು, ಬರಬೇಕಾದ ಬಾಕಿ ಸೇರುತ್ತೆ. ಮಷೀನ್, ಕಾಟಾ, ಒಲೆ ಸೇರಲ್ಲ. ಅಂದರೆ ದುಡಿಯೋ ಸಾಧನದ ಮೇಲೆ ಇಲ್ಲ, ಮಾರಾಟದ ಸರಕಿನ ಮೇಲೆ ಇದೆ. ಇದರಿಂದ ನಮಗಾದ ಲಾಭ ಏನಂದರೆ, ವರ್ಷಕ್ಕೊಮ್ಮೆ ಪ್ರತಿ ಚೀಲ ಎಣಿಸಲೇಬೇಕು. ಮೂಲೆಯಲ್ಲಿ ಹುಳ ಹಿಡಿದ ಜೋಳ ಆಗಲೇ ಸಿಕ್ಕಿದ್ದು.

ನಮ್ಮ ಕೆಲಸದ ಕಡೆಗೆ

ಅಂಗಡಿ ಇಲ್ಲದ ನಿಮಗೆ ಇದರಿಂದ ಏನು ಅಂತ ಕೇಳಬಹುದು. ಒಂದು ದಿನ ಆಫೀಸಿನ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿ ನಾನು ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡ್ತಿದ್ದೆ. ತಟ್ಟನೆ ಅನಿಸಿತು, ಈ ಗಂಟೆಯನ್ನ ನಾನು ಈಗಾಗಲೇ ಮಾರಿದೀನಿ. 250 ಗ್ರಾಂ ಅಂತ ಹೇಳಿ 242 ಕೊಡ್ತಿದೀನಿ. ಅವತ್ತಿನಿಂದ ಅಂಗಡಿ ಗ್ರೂಪನ್ನ ಸಂಜೆ ಏಳರವರೆಗೂ ಮ್ಯೂಟ್ ಮಾಡಿದೀನಿ. ಎಲ್ಲ ದಿನವೂ ಗೆದ್ದಿಲ್ಲ, ನಿಜ ಹೇಳ್ತೀನಿ.

ನೀವೂ ಒಮ್ಮೆ ನೋಡಿ. ಎಸ್ಟಿಮೇಟ್ ಕೊಡುವಾಗ, ಬಗ್ ಗೊತ್ತಿದ್ದೂ ಡೆಮೋ ಮಾಡುವಾಗ, ನಿಮ್ಮ ಮನೆಗೆಲಸದವರಿಗೆ ಜಿಪೇ ಮಾಡೋದು ಮೂರು ದಿನ ಮರೆತಾಗ, ಎದುರಿಗಿರೋರಿಗೆ ಗೊತ್ತಿಲ್ಲದ ಯಾವುದು ನಿಮಗೆ ಗೊತ್ತಿತ್ತು? ಅವರದ್ದು ಏನು ನಿಮ್ಮ ಹತ್ತಿರ ಉಳಿದಿತ್ತು? ಇದನ್ನ ಕೇಳಿಕೊಳ್ಳೋಕೆ ಮುಸ್ಲಿಮರೇ ಆಗಬೇಕಿಲ್ಲ. ನನಗೆ ನನ್ನ ಧರ್ಮದಿಂದ ಸಿಕ್ತು, ನಿಮಗೆ ನಿಮ್ಮ ಮನೆಯಿಂದ ಸಿಕ್ಕಿರುತ್ತೆ.

ಕಾಕು ಈಗಲೂ ನಮ್ಮಲ್ಲೇ ಇದ್ದಾರೆ. ಪ್ರತಿ ಶನಿವಾರ ಸಂಜೆ ಪಗಾರ ಕೊಡುವಾಗ ಒಂದು ಸಲ ಅಂಗೈ ನೋಡ್ಕೊಂಡು ನನ್ನ ಕಡೆ ತೋರಿಸ್ತಾರೆ: "ಇನ್ನಾ ಹಸಿ ಐತಿ ನೋಡು ತಮ್ಮಾ." ಅವರಿಗೆ ಆ ಹದೀಸ್ ಬಗ್ಗೆ ಯಾರು ಹೇಳಿದರೋ ಗೊತ್ತಿಲ್ಲ, ಆಪಾನೇ ಇರಬೇಕು. ಆದರೆ ನಮ್ಮ ಅಂಗಡಿಯ ಆಡಿಟ್ ಈಗ ಅವರದೇ.